ಪದ ಜಾಗ ಬದಲಿಸಿದಾಗ

"ಮಿಸ್, ‘ಪ್ರೆಸೆಂಟ್ ವರ್ಕರ್ಸ್’ ಅನ್ನೋದಕ್ಕೂ ‘ವರ್ಕರ್ಸ್ ಪ್ರೆಸೆಂಟ್’ ಅನ್ನೋದಕ್ಕೂ ಏನ್ ವ್ಯತ್ಯಾಸ?"

ಕೊನೇ ಬೆಂಚಿನ ಅಂಜನ್‌ಕುಮಾರ್ ಎದ್ದು ನಿಂತಿದ್ದ. ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ನೇರ ಕ್ಲಾಸಿಗೆ ಬಂದವನು. ತೋಳಿನ ಮೇಲೆ ಇನ್ನೂ ಗ್ರೀಸ್ ಕಲೆ.

ಬೋರ್ಡಿನ ಮೇಲೆ ಮಂಜುಶ್ರೀಯ ಕೈ ನಿಂತೇಹೋಯಿತು. ಗೊತ್ತಿರಲಿಲ್ಲ!

"ಎರಡೂ ಒಂದೇ. ಕೂತ್ಕೊಳ್ಳಿ."

"ಒಂದೇ ಆದ್ರೆ ಎರಡು ಥರ ಯಾಕೆ ಬರೀತಾರೆ?"

"ಲೇ, ಮಿಸ್‌ಗೇ ಟೆಸ್ಟ್ ಇಟ್ಬುಟ್ಟ ಕಣ್ಲಾ!" ಯಾರೋ ಕೂಗಿದರು. ಕ್ಲಾಸು ಗೊಳ್ಳೆಂದಿತು.

ಹುಲಿಯೂರುದುರ್ಗದ ಕನ್ನಡ ಮೀಡಿಯಂ ಹುಡುಗಿ. ತುಮಕೂರಿನಲ್ಲಿ ಇಂಗ್ಲಿಷ್ ಹೇಳಿಕೊಡುವಷ್ಟಾಗಲು ಎಷ್ಟು ಜನರ ನಗು ನುಂಗಿದ್ದಳೋ! ಈಗ ಇವನೂ ಅಳೆಯಲು ನಿಂತನೇ...

ಕ್ಲಾಸು ಮುಗಿದ ಮೇಲೆ ಕೋಚಿಂಗ್ ಸೆಂಟರಿನ ಮಾಲೀಕ ನಾಗಭೂಷಣ್ ಕರೆಸಿದ. "ಟೀಚರ್ ತಡವರಿಸಿದ್ರೆ ಸ್ಟೂಡೆಂಟ್ಸ್ ಉಳಿಯಲ್ಲಮ್ಮ. ಇನ್ನೊಂದ್ಸಲ ಹಿಂಗಾದ್ರೆ ಬೇರೆಯವ್ರನ್ನ ನೋಡ್ಕೋತೀನಿ."

ಅವಮಾನಕ್ಕಿಂತ ಕುತೂಹಲವೇ ಅವಳನ್ನು ಕಾಡಿತು. ಪದ ಅದೇ, ಜಾಗ ಬದಲಾದರೆ ಅರ್ಥವೂ ಬದಲೇ? ವ್ಯಾಕರಣದ ಪುಸ್ತಕ ತಿರುವಿದಳು. ಉತ್ತರ ಸಿಕ್ಕಾಗ ಒಬ್ಬಳೇ ನಕ್ಕಳು!

ಮರುಸಂಜೆ ಅವನನ್ನು ಮೆಟ್ಟಿಲ ಬಳಿಯೇ ತಡೆದಳು.

"ನನ್ನ ನಗೆಪಾಟಲು ಮಾಡೋಕೆ ಕೇಳಿದ್ರಾ?"

"ಅಯ್ಯೋ, ಇಲ್ಲ! ಗೊತ್ತಿಲ್ದೆ ಕೇಳ್ದೆ. ಹೊಸ ಶಿಫ್ಟ್‌ಗೆ ‘ವರ್ಕರ್ಸ್ ಪ್ರೆಸೆಂಟ್’ ಒಪ್ಪವ್ರೆ ಅಂತ ಫ್ಯಾಕ್ಟರೀಲಿ ನೋಟಿಸ್ ಹಾಕವ್ರೆ. ನಾನು ಆ ಮೀಟಿಂಗ್‌ಗೇ ಹೋಗಿರ್ಲಿಲ್ಲ!"

ಅವಳ ಸಿಟ್ಟು ದಿಕ್ಕು ಬದಲಿಸಿತು.

"‘ಪ್ರೆಸೆಂಟ್’ ಮೊದ್ಲು ಬಂದ್ರೆ, ಈಗ ಕೆಲಸದಲ್ಲಿರೋರೆಲ್ಲ. ‘ವರ್ಕರ್ಸ್’ ಆದ್ಮೇಲೆ ಬಂದ್ರೆ, ಆವತ್ತು ಅಲ್ಲಿ ಹಾಜರಿದ್ದೋರು ಮಾತ್ರ."

"ಅಂದ್ರೆ... ಅಲ್ಲಿದ್ದ ನಾಕು ಜನ ತಲೆಯಾಡ್ಸಿದ್ದು ನಮ್ಮೆಲ್ಲರ ಕುತ್ತಿಗೆಗೆ!"

"ನಿಮ್ಮೆಲ್ಲರನ್ನೂ ಕೇಳ್ಬೇಕಿತ್ತು. ಹೋಗಿ ಹಂಗೇ ಹೇಳಿ."

ಅವನ ಮುಖ ಅರಳಿತು. ಅವಳು ಯಾಕೋ ಆ ಮುಖವನ್ನೇ ನೋಡುತ್ತ ನಿಂತಳು!

ಕ್ಲಾಸಿನಲ್ಲಿ ಅವಳು ಉತ್ತರ ಬರೆದಳು. ಬಾಗಿಲಲ್ಲಿ ನಾಗಭೂಷಣ್ ನಿಂತಿದ್ದ. ಕೆಲಸ ಹೋದರೆ ಹೋಗಲಿ...

"ನಿನ್ನೆ ನಂಗಿದು ಗೊತ್ತಿರ್ಲಿಲ್ಲ. ಕೇಳಿದವ್ರನ್ನ ಸುಮ್ನೆ ಕೂರಿಸ್ದೆ. ತಪ್ಪು ನಂದು. ಇನ್ಮೇಲೆ ಎಲ್ಲರೂ ಕೇಳಿ."

ಮುಂದಿನ ಬೆಂಚಿನ ಹೆಂಗಸು ಮೆಲ್ಲಗೆ ಕೈ ಎತ್ತಿದಳು. ಆಮೇಲೆ ಇನ್ನೊಬ್ಬ... ಮತ್ತೊಬ್ಬ! ನಾಗಭೂಷಣ್ ಗೊಣಗಿಕೊಂಡು ಹೊರಟುಹೋದ.

ಕ್ಲಾಸು ಮುಗಿದ ಮೇಲೆ ಬಸ್‌ಸ್ಟಾಪಿನವರೆಗೂ ಅಂಜನ್ ಜೊತೆಗೆ ಬಂದ.

"ಇಂಗ್ಲಿಷ್‌ಗೆ ಅಂತ ಸೇರ್ಕೊಂಡೆ. ಈಗ ನಿಮ್ಮನ್ನ ನೋಡೋಕೇ ಬರ್ತಿದೀನಿ ಅನ್ಸುತ್ತೆ... ಭಾನುವಾರ ನಮ್ಮವ್ವನ್ನ ಕರ್ಕೊಂಡು ನಿಮ್ಮೂರಿಗೆ ಬರ್ಲಾ?"

ಅವಳ ಕೆನ್ನೆ ಬಿಸಿಯಾಯಿತು.

"ನಮ್ಮಪ್ಪ ಕೂಗಾಡ್ತಾರೆ."

"ಕೂಗಾಡ್ಲಿ ಬುಡಿ. ನೀವು?"

"ನಾನು... ಬಸ್‌ಸ್ಟ್ಯಾಂಡಿಗೇ ಬಂದು ಕರ್ಕೊಂಡ್ ಹೋಗ್ತೀನಿ."