ಗುರವ್ವನ ಗಿಣ್ಣದ ಹಾಲು

ಚಂದ್ರಿ ಎಂಬ ಎಮ್ಮೆ ಆ ಬೆಳಿಗ್ಗೆ ಈದಿತ್ತು. ಅದರ ಕೊರಳಪಟ್ಟಿ ಎರಡು ತಿಂಗಳಿಂದ, ಹೊಸದಾಗಿ ಹಬ್ಬಿದ ಕರುಳುಜ್ವರದ ವೈರಾಣುವಿನ ನಿರಪಾಯಕಾರಿ ತುಣುಕುಗಳನ್ನು ಚರ್ಮದೊಳಗೆ ಹನಿಸುತ್ತ ಬಂದಿತ್ತು. ಎಮ್ಮೆಯ ಮೈ ಅದಕ್ಕೆದುರಾಗಿ ಪ್ರತಿಕಾಯಗಳನ್ನು, ಅಂದರೆ ರೋಗವನ್ನು ಗುರುತು ಹಿಡಿದು ಕಟ್ಟಿಹಾಕುವ ಕಣಗಳನ್ನು, ಗಿಣ್ಣದ ಹಾಲಿಗೆ ತುಂಬಿತ್ತು. ಈಗ ಆ ಹಾಲು ನಳಿಗೆಯಲ್ಲಿ ಹರಿದು, ಯಂತ್ರದಲ್ಲಿ ತಣ್ಣಗೆ ಒಣಗಿ, ಹಳದಿ ಪುಡಿಯಾಗಿ ಸೀಸೆಗೆ ಇಳಿಯುತ್ತಿತ್ತು. ಒಂದು ಚಿಟಿಕೆ ಕದಡಿ ಕುಡಿಸಿದರೆ ಸಾಯುವ ಮಗು ಎದ್ದು ಕೂರುತ್ತದೆ. ಏಳು ಸಮುದ್ರದಾಚೆಯ ಸಂಜೀವಿನಿಯನ್ನು ಎಮ್ಮೆಯ ಕೆಚ್ಚಲಿಗೇ ತಂದವಳು ಡಾಕ್ಟರ್ ಇಂಚರಾ.

ಅದು 2061ನೆಯ ಇಸವಿ. ಇಂಚರಾ ಮೈಸೂರಿನಿಂದ ಬಾಗಲಕೋಟೆ ಬದಿಯ ಈ ಕೊಟ್ಟಿಗೆಗೆ ಬಂದದ್ದು ಮಾತ್ರ ಕಳ್ಳತನದ ತನಿಖೆಗೆ. ಅವಳ ಕಂಪನಿ ಕರಾರಿನ ಮೇಲೆ ಗುರವ್ವನಿಗೆ ಸಾಕಲು ಕೊಟ್ಟ ಎಮ್ಮೆಗಳಲ್ಲಿ, ಹೋದ ತಿಂಗಳು ಈದ ಎರಡರ ಹಾಲು ಕಡಿಮೆ ಬಂದಿತ್ತು.

“ಗುರವ್ವನವರೇ, ಹಾಲು ಎಲ್ಲಿ ಹೋಯ್ತು?”

“ಹೊಟ್ಟಿಗೆ ಹೋತು. ಎಮ್ಮಿ ಈದ್ರ ಓಣಿ ಹುಡುಗುರಿಗೆ ಗಿಣ್ಣ ಕೊಡೂದು ನಮ್ಮ ಪದ್ಧತಿ. ಗಿಣ್ಣ ಯಾರರ ಮಾರತಾರೇನ್ರಿ ಅಕ್ಕಾರ?”

“ಕಾಯಿಸಿ ಕೊಟ್ಟಿರಾ?”

“ಕಾಸಿದ್ರ ಔಷಧ ಸಾಯ್ತೈತಿ ಅಂತ ನೀವ ಹೇಳಿದ್ರೆಲ್ಲ! ಹಸೀದ ಕುಡಿಸೀನಿ.”

ಇಂಚರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈ ಓಣಿಯಲ್ಲಿ ಒಂದು ಮಗುವಿಗೂ ಜ್ವರವಿಲ್ಲ. ಹಳ್ಳದ ಆಚೆಯ ಊರಲ್ಲಿ ಒಂಬತ್ತು ಮಕ್ಕಳು ಹಾಸಿಗೆ ಹಿಡಿದಿವೆ. ನಿನ್ನೆ ಬೇರೆ ಎರಡು ತೀರಿಕೊಂಡಿವೆ.

ಅಲ್ಲಿಂದಲೇ ಅವಳು ಕಂಪನಿಯ ಮುಖ್ಯಸ್ಥ ಚಿರಂತನನಿಗೆ ಕರೆ ಮಾಡಿದಳು. “ಆ ಒಂಬತ್ತು ಮಕ್ಕಳಿಗೆ ಸೀಸೆ ಬಿಡಿ.”

ಪರದೆಯ ಮೇಲೆ ಅವನು ನಕ್ಕ. “ಡಾಕ್ಟರ್, ಇದು ಯಾರಾದರೂ ರೋಗಾಣು ದಾಳಿ ಮಾಡಿದರೆ ಎಂದು ಸರ್ಕಾರಗಳು ಕಾದಿರಿಸಿಕೊಂಡ ದಾಸ್ತಾನು. ಅವಧಿ ಮುಗಿದರೆ ಸುಡುತ್ತೇವೆ, ಹೊಸದು ಮಾರುತ್ತೇವೆ. ನಮ್ಮ ವ್ಯಾಪಾರ ನಿಂತಿರೋದೇ ಅದರ ಮೇಲೆ.”

“ಸುಡ್ತೀರಾ? ಮಕ್ಕಳಿಗೆ ಕೊಡದೆ?”

“ಒಂಬತ್ತು ಮಕ್ಕಳು ಮಾರುಕಟ್ಟೆ ಅಲ್ಲ. ಕಳ್ಳತನ ಅಂತ ವರದಿ ಬರೆದು ಸಹಿ ಹಾಕಿ. ಕರಾರಿನ ಪ್ರಕಾರ ಎಮ್ಮೆಗಳನ್ನು ಇವತ್ತೇ ಎಳೆದೊಯ್ಯುತ್ತೇವೆ.”

ಗುರವ್ವ ಪರದೆಗೆ ಬಗ್ಗಿ ಅವನ ಮುಖ ನೋಡಿದಳು. “ಯವ್ವಾ, ಇಂವ ಸಣ್ಣಾಂವಿದ್ದಾಗ ಯಾರೂ ಗಿಣ್ಣ ಕೊಟ್ಟಿಲ್ಲೇನ?”

ಇಂಚರಾಗೆ ನಗು ಬರಲಿಲ್ಲ. ಆ ಕರಾರಿನ ಕೆಳಗೆ ಅವಳ ಸಹಿಯೂ ಇತ್ತು. ಅವಳು ಚಂದ್ರಿಯ ಕೆಚ್ಚಲಿಗೆ ಹಾಕಿದ್ದ ನಳಿಗೆಯನ್ನು ಕಿತ್ತು ಎಸೆದಳು.

“ಹಿಂಡಿ, ಗುರವ್ವನವರೇ.”

“ಎಷ್ಟ ಹಿಂಡ್ಲಿರಿ?”

“ಕರುವಿಗೆ ಬಿಟ್ಟು, ಮಿಕ್ಕಿದ್ದಷ್ಟೂ.”

ಕೊಡ ತುಂಬುವಷ್ಟರಲ್ಲಿ ಅವಳು ವರದಿ ಮುಗಿಸಿದ್ದಳು: ‘ಕಳ್ಳತನ ಆಗಿರುವುದು ನಿಜ. ಕದ್ದವರು ನಾವು, ಕಂಪನಿಯವರು.’ ಸಹಿ ಹಾಕಿ ಕಳಿಸಿದಳು. ಆಮೇಲೆ ಇಬ್ಬರೂ ಕೊಡ ಹೊತ್ತು ಹಳ್ಳಕ್ಕೆ ಇಳಿದರು. ಗುರವ್ವ ಮೊದಲೇ ಹೇಳಿಕಳಿಸಿದ್ದಳು; ಎದುರು ದಂಡೆಯ ಮೇಲೆ ತಾಯಂದಿರು ಆಗಲೇ ಲೋಟ ಹಿಡಿದು ನಿಂತಿದ್ದರು.

2061 ಇನ್ನೂ ದೂರವಿದೆ. ಇವತ್ತು ನಿಮ್ಮ ಓಣಿಯಲ್ಲಿ ಯಾರದೋ ಎಮ್ಮೆ ಈದಿರಬಹುದು, ತಟ್ಟೆ ಮುಚ್ಚಿದ ಲೋಟವೊಂದು ನಿಮ್ಮ ಬಾಗಿಲಿಗೂ ಬರಬಹುದು. ಆ ಹಾಲಿಗೆ ಒಡೆಯರಾಗುವ ಕರಾರನ್ನು ಯಾರೋ ಇವತ್ತೇ, ಎಲ್ಲೋ ಒಂದು ತಣ್ಣನೆಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದಾರೆ.