ಹಿಂದಿನಿಂದ ಬಿದ್ದ ಒದೆ

"ನನ್ನ ಜೋಡಿ ಉಡಿಕಿ ಆಗ್ತಿಯೇನು, ಗುರವ್ವ?"

ಗದ್ದೆಯ ನಡುವಿನ ಕಾಲುವೆಯ ಆಚೆ ನಿಂತು ಮಡಿವಾಳೆಪ್ಪ ಕೇಳಿಯೇಬಿಟ್ಟ. ಎಂಬತ್ನಾಲ್ಕನೇ ಇಸವಿಯ ಸುಗ್ಗಿ. ಬಮ್ಮಿಗಟ್ಟಿಯಲ್ಲಿ ಭತ್ತದ ಕೊಯ್ಲು.

ಗುರವ್ವನ ಕುಡುಗೋಲು ನಿಂತಿತು. ಗಂಡ ಈರಪ್ಪ ತೀರಿಕೊಂಡು ಎರಡು ವರ್ಷ. ಗಂಡ ಸತ್ತವಳಿಗೆ ಉಡಿಕಿ ಮಾಡಿ ಮತ್ತೊಂದು ಸಂಸಾರ ಕಟ್ಟಿಕೊಡುವುದು ಅವರ ಮನೆತನಗಳಲ್ಲಿ ಹೊಸದೇನಲ್ಲ. ಆದರೂ ನಾಚಿ ತಲೆ ತಗ್ಗಿಸಿದಳು...

ಅಷ್ಟೇ ಸಾಕಾಯಿತು ಆ ಪುಣ್ಯಾತ್ಮನಿಗೆ! ಸುತ್ತಿ ಬರುವ ತಾಳ್ಮೆ ಎಲ್ಲಿಂದ ಬರಬೇಕು? ಕಾಲುವೆ ಹಾರಿದ.

ಟಪ್!

ಮುಗ್ಗರಿಸಿ ಬಿದ್ದವನು ತಿರುಗಿ ನೋಡಿದ. "ಯಾರೋ ಹಿಮ್ಮಡಿಗೆ ಒದ್ರು..."

ಹಿಂದೆ ಯಾರೂ ಇರಲಿಲ್ಲ. ಇದ್ದದ್ದು ಈರಪ್ಪನ ಸಮಾಧಿ ಮಾತ್ರ. ಗದ್ದೆಯ ಆ ಮೂಲೆಯಲ್ಲೇ ಅವನನ್ನು ಮಣ್ಣು ಮಾಡಿದ್ದರು.

'ಅವನೇ! ಅವನಿಗೆ ಇಷ್ಟವಿಲ್ಲ...' ಗುರವ್ವ ಕುಡುಗೋಲು ಬಿಟ್ಟು ಹಿಂದೆ ಸರಿದಳು.

ಊರೂ ಅದನ್ನೇ ಅಂದಿತು. ಅಂದಿನಿಂದ ಸಮಾಧಿಗೆ ಬೆನ್ನು ಹಾಕಿಯೂ ಕೊಯ್ಯಲಾರಳು, ಮುಖ ಮಾಡಿಯೂ ಕೊಯ್ಯಲಾರಳು. ಗಾಳಿಗೆ ಹುಲ್ಲು ಅಲುಗಿದರೂ ಯಾರೋ ಹಿಂದೆ ಬಂದು ನಿಂತಂತೆ! ಮಡಿವಾಳೆಪ್ಪ ಹೇಳಿ ಕಳಿಸಿದರೂ ಉತ್ತರ ಕೊಡಲಿಲ್ಲ. ಕಾಲೂರಿ ನಡೆಯಲಾಗದ ಅವನನ್ನು ಕಡೆಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಹಿಮ್ಮಡಿಯ ಮೇಲಿನ ನರ ಹರಿದಿತ್ತು, ಹೊಲಿದಿದ್ದಾರೆ ಎಂಬ ಸುದ್ದಿ ಬಂತು.

ತನ್ನ ಆಸೆ ಬಿಡು ಎಂದು ಹೇಳಿಬರಲು ಗುರವ್ವ ಬಸ್ಸು ಹತ್ತಿದಳು. ಇವನ ಜೀವವನ್ನಾದರೂ ಉಳಿಸಬೇಕಲ್ಲ...

ಅವನ ಕಾಲು, ಬೆರಳುಗಳು ಕೆಳಗೆ ಚಾಚಿದಂತೆ, ಪ್ಲಾಸ್ಟರಿನಲ್ಲಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಪಕ್ಕದ ಮಂಚಕ್ಕೆ ಬಂದರು. ಅಲ್ಲಿ ಹೊಸದಾಗಿ ಬಂದ ಪೈಲ್ವಾನ ರಸೂಲಸಾಬ ಬೋರಲು ಮಲಗಿದ್ದ. ಡಾಕ್ಟರು ಅವನ ಮೀನಖಂಡ ಹಿಚುಕಿದರು; ಪಾದ ಅಲುಗಲಿಲ್ಲ.

"ಯಾರೋ ಹಿಂದಿಂದ ಬಡಿಗಿಲೆ ಹೊಡದಂಗಾತ್ರಿ. ತಿರುಗಿ ನೋಡಿದ್ರ ಒಬ್ಬರೂ ಇಲ್ಲ," ಎಂದ ರಸೂಲಸಾಬ.

ಗುರವ್ವ ಬೆಚ್ಚಿದಳು. ಇವನಿಗೆ ಒದ್ದವರು ಯಾರು? ಧೈರ್ಯ ಮಾಡಿ ಡಾಕ್ಟರನ್ನೇ ಕೇಳಿದಳು.

"ಯಾರೂ ಒದ್ದಿರಂಗಿಲ್ಲವ್ವಾ. ಇಬ್ಬರದೂ ಹಿಮ್ಮಡಿ ಮ್ಯಾಲಿನ ನರ ಹರಿದದ. ಅದು ಹರಿದಾಗ ಹಂಗ ಅನಸ್ತದ. ಇದಕ್ಕ ಬಂದಾವ್ರೆಲ್ಲಾ ಹಿಂದ ತಿರುಗಿ ನೋಡಿದಾವ್ರ."

ಗುರವ್ವ ಮಂಚದ ಬದಿಗೆ ಕುಸಿದು ಕೂತು ಅತ್ತುಬಿಟ್ಟಳು.

"ಯಾಕ ಅಳ್ತಿ? ಛಲೋ ಸುದ್ದಿ ಅಲ್ಲೇನು?" ಮಡಿವಾಳೆಪ್ಪ ಗಾಬರಿಯಾದ.

"ಅಂವಾ ಬದುಕಿದ್ದಾಗ ಒಂದ ದಿನಾನೂ ನನ್ನ ಮ್ಯಾಲೆ ಕೈ ಎತ್ತಿದಾಂವಲ್ಲರಿ. ಸತ್ತ ಮ್ಯಾಲೆ ಒದ್ದ ಅಂತ ಅಪವಾದ ಹೊರಿಸಿದೆ..."

ಮಡಿವಾಳೆಪ್ಪ ಮಂಚದ ಮೇಲೆ ಎದ್ದು ಕೂತ.

"ನಾನೂ ಹೊರಿಸೇನಿ. ಇಬ್ಬರೂ ಕೂಡಿ ಅವನ ಮುಂದ ಹೋಗಿ ತಪ್ಪಾತು ಅನ್ನೂಣು. ಆಮ್ಯಾಲೆ ನನ್ನ ಮಾತಿಗೆ ಉತ್ತರಾ ಹೇಳ್ತಿಯೇನು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪ್ಲಾಸ್ಟರಿನ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಹೇಳ್ತೀನಿ. ಆದ್ರ ಈ ಸಲ ಕಾಲುವಿ ಹಾರಬ್ಯಾಡ್ರಿ... ಸುತ್ತಿ ಬರ್ರಿ. ನಾ ನಿಂತಿರ್ತೀನಿ."