ದಾರ ಕಟ್ಟಿದ ರಿವಾಲ್ವರ್

ಸೋವಿ ಎಂದ ಮಾತ್ರಕ್ಕೆ ಮೋಸ ಹೋಗುವವನಲ್ಲ ನಾನು. ಲೈಸೆನ್ಸ್ ಹಿಡಿದು ತಾಳಿಕೋಟೆಯ ಬಂದೂಕಿನ ಅಂಗಡಿಗೆ ಹೋದಾಗ ಮಾಲೀಕ ನಿಯಾಜ ಹಳೆಯ ರಿವಾಲ್ವರೊಂದನ್ನು ಮುಂದಿಟ್ಟ. ಮಹಾನವಮಿಗೆ ಆಯುಧಗಳಿಗೆ ಮಾಡುವ ಖಂಡೇಪೂಜೆಯಲ್ಲಿ ಟ್ರಿಗರಿಗೆ ಸುತ್ತಿದ ಅರಿಷಿಣದ ದಾರ ಹಾಗೇ ಇತ್ತು.

"ಇದರ ಯಜಮಾನ್ರು ತೀರಿಕೊಂಡ ಮ್ಯಾಗ ಅವರ ಮನಿಯವ್ರು ಪೂಜಿಗಷ್ಟ ತೆಗದಾರ್ರಿ. ಯಾರೂ ಹಾರಿಸಿಲ್ಲ."

ದಾರ ಬಿಚ್ಚಿ, ಗುಂಡು ತುಂಬುವ ಗಾಲಿಯನ್ನು ತಿರುಗಿಸಿದೆ. ಅಲುಗಾಟವಿಲ್ಲ. ನಳಿಗೆಯನ್ನು ಬೆಳಕಿಗೆ ಹಿಡಿದೆ. ಸುಟ್ಟ ಮದ್ದಿನ ಹಸಿ ವಾಸನೆ ಮೂಗಿಗೆ ಬಡಿಯಿತು. ನಳಿಗೆ ಬಿಸಿಯಾಗಿತ್ತು.

"ಈಗಷ್ಟ ಹಾರಿಸಿ ನನ್ನ ಮುಂದ ಸುಳ್ಳ ಹೇಳ್ತೀರೇನ್ರಿ? ನಾಚಿಕಿ ಬ್ಯಾಡಾ?" ಎಂದು ರೇಗಿದೆ.

ನಿಯಾಜ ರಿವಾಲ್ವರನ್ನು ಇಸಿದುಕೊಂಡ. ಅದೇ ದಾರವನ್ನು ಟ್ರಿಗರಿಗೆ ಬಿಗಿಯಾಗಿ ಸುತ್ತಿ, ಗಂಟು ಹಾಕಿ, ನನ್ನ ಕೈಗೇ ಕೊಟ್ಟ.

"ನೀವ ಹಿಡಕೊಂಡು ಕುಂದರ್ರಿ. ಚಾ ತರಸ್ತೇನಿ."

ಸಿಟ್ಟಿನಲ್ಲಿ ನಾನು ಚಹಾ ಮುಟ್ಟಲಿಲ್ಲ. ಅದು ಆರಿ ತಣ್ಣಗಾಯಿತು. ದಾರದ ಗಂಟು ಸಡಿಲಾಗಿರಲಿಲ್ಲ. ನಳಿಗೆ ಮಾತ್ರ ಮೊದಲಿಗಿಂತ ಬಿಸಿಯಾಗಿತ್ತು.